ಅಮೆರಿಕದಿಂದ ಕೆನಡಾಕ್ಕೆ ಕಾರು ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೊರಾಂಟೊ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಕಾರು ಕೊಳ್ಳುವ ಮಾತು ಬಂದರೆ ಒಬ್ಬರಾದರೂ ಕೇಳುತ್ತಾರೆ: "ಗಡಿಯಾಚೆ ಬಫಲೋದಲ್ಲಿ ಅದೇ ಕಾರು ಅಗ್ಗವಂತಲ್ಲ, ಹೋಗಿ ತಂದರಾಗದೇ?" ನಾನು ಹಾಗೆ ಎರಡು ಕಾರು ತಂದಿದ್ದೇನೆ. ಮೂರನೆಯದನ್ನು ನೋಡಿ, ಮುಟ್ಟಿ, ಬಿಟ್ಟು ಬಂದಿದ್ದೇನೆ. ಈ ಪ್ರಶ್ನೆಗಳೆಲ್ಲ ನನ್ನನ್ನು ಬೇರೆಯವರು ಕೇಳಿದವು, ಕೆಲವು ನಾನೇ ತಡವಾಗಿ ಕೇಳಿಕೊಂಡವು.

ನಿಜವಾಗಿಯೂ ದುಡ್ಡು ಉಳಿಯುತ್ತದೆಯೇ?

ಕೆಲವು ಸಲ ಉಳಿಯುತ್ತದೆ. ಆದರೆ ಎರಡು ಜಾಹೀರಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕಾಣುವ ಅಂತರವೇ ಉಳಿತಾಯವಲ್ಲ. ಕೆನಡಾದ ನಂಬರ್ ಪ್ಲೇಟ್ ಕಾರಿಗೆ ಕೂತ ದಿನ ಒಟ್ಟು ಎಷ್ಟು ಖರ್ಚಾಗಿದೆ ಎಂಬುದನ್ನು ಇಲ್ಲಿನ ಅದೇ ಬಗೆಯ ಕಾರಿನ ತೆರಿಗೆ ಸಹಿತ ಬೆಲೆಯೊಂದಿಗೆ ಹೋಲಿಸಿ. ಜನ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಒಂದು, ಅಮೆರಿಕದ ಡಾಲರನ್ನು ಮನಸ್ಸಿನಲ್ಲೇ ಕೆನಡಾದ ಡಾಲರ್ ಎಂದು ಓದಿಕೊಳ್ಳುವುದು. ಇನ್ನೊಂದು, ಇಲ್ಲಿ ಕೊಂಡರೂ ತೆರಿಗೆ ಕಟ್ಟಲೇಬೇಕಲ್ಲವೇ ಎಂಬುದನ್ನು ಮರೆತು ಆಮದು ಕಾರಿನ ಮೇಲಷ್ಟೇ ತೆರಿಗೆ ಹೇರಿ ಲೆಕ್ಕ ಹಾಕುವುದು. ಮೊದಲನೆಯ ತಪ್ಪಿನಿಂದ ಸುಳ್ಳು ಆಸೆ ಹುಟ್ಟುತ್ತದೆ, ಎರಡನೆಯದರಿಂದ ಸುಳ್ಳು ನಿರಾಸೆ.

ಒಂದೇ ಕಾರಿಗೆ ಎರಡು ದೇಶದಲ್ಲಿ ಎರಡು ಬೆಲೆ ಏಕೆ?

ಕಂಪನಿಗಳು ಬೆಲೆ ಕಟ್ಟುವಾಗ ಆಯಾ ದೇಶದ ಗಿರಾಕಿ ಎಷ್ಟು ಕೊಟ್ಟಾನು ಎಂದು ನೋಡುತ್ತವೆ, ವಿನಿಮಯ ದರ ದಿನವೂ ಏರಿಳಿದಂತೆ ಚೀಟಿ ಬದಲಿಸುವುದಿಲ್ಲ. ಇದು ಎಲ್ಲರ ಕಣ್ಣಿಗೂ ಬಿದ್ದದ್ದು 2007ರಲ್ಲಿ. 2002ರ ಜನವರಿಯಲ್ಲಿ ಕೆನಡಾ ಡಾಲರ್ ಅಮೆರಿಕದ 62 ಸೆಂಟಿಗಿಂತ ಕೆಳಗೆ ಕುಸಿದಿತ್ತು. ಅಲ್ಲಿಂದ ಏರುತ್ತಾ ಬಂದು 2007ರ ಸೆಪ್ಟೆಂಬರ್ 20ರಂದು, 1976ರ ನಂತರ ಮೊದಲ ಬಾರಿಗೆ, ಅಮೆರಿಕದ ಡಾಲರಿಗೆ ಸರಿಸಮವಾಗಿ ನಿಂತಿತು. ಷೋರೂಮಿನ ಬೆಲೆಗಳು ಮಾತ್ರ ಹಳೆಯ ಬಡ ಡಾಲರಿನ ಕಾಲದಲ್ಲೇ ಉಳಿದಿದ್ದವು. ಆ ವರ್ಷ ಮತ್ತು ಮರುವರ್ಷ ಜನ ಸಾಲುಗಟ್ಟಿ ಗಡಿ ದಾಟಿ ಕಾರು ತಂದರು. "ನಮ್ಮಣ್ಣ ಎಂಟು ಸಾವಿರ ಉಳಿಸಿದ" ಎಂಬಂಥ ಕಥೆಗಳು ಇಂದಿಗೂ ಓಡಾಡುತ್ತಿವೆ. ಕಥೆ ಸುಳ್ಳಲ್ಲ, ಆ ಕಾಲದ ವಿನಿಮಯ ದರ ಇಂದಿಲ್ಲ ಅಷ್ಟೆ. ಕೆನಡಾ ಡಾಲರ್ ಇಳಿದಾಗ ಹರಿವು ತಿರುಗುತ್ತದೆ, ಇಲ್ಲಿನ ಹಳೆಯ ಕಾರುಗಳನ್ನು ಅಮೆರಿಕದ ವರ್ತಕರು ಕೊಂಡೊಯ್ಯುತ್ತಾರೆ.

ಹಾಗಿದ್ದರೆ ಈಗಲೂ ಜನ ತರುವುದು ಏಕೆ?

ಬೆಲೆಯೊಂದೇ ಕಾರಣವಲ್ಲ. ಇಲ್ಲಿ ಸಿಗದ ಮಾದರಿ, ಇಲ್ಲಿ ಅಪರೂಪವಾದ ಗೇರ್‌ಬಾಕ್ಸ್ ಅಥವಾ ಎಂಜಿನ್ ಅಲ್ಲಿ ಸಿಗುತ್ತದೆ. ಇನ್ನೊಂದು, ತುಕ್ಕು. ಒಂಟಾರಿಯೊ ಮತ್ತು ಕ್ವಿಬೆಕ್‌ನಲ್ಲಿ ಚಳಿಗಾಲವಿಡೀ ರಸ್ತೆಗೆ ಸುರಿಯುವ ಉಪ್ಪು ಹತ್ತು ವರ್ಷದಲ್ಲಿ ಕಾರಿನ ಕೆಳಭಾಗವನ್ನು ತಿಂದು ಹಾಕುತ್ತದೆ. ಅರಿಜೋನಾದಂಥ ಒಣ ರಾಜ್ಯದಲ್ಲಿ ಓಡಿದ ಹತ್ತು ವರ್ಷದ ಕಾರಿನ ಅಡಿಯಲ್ಲಿ ಮಲಗಿ ನೋಡಿದರೆ ಬೋಲ್ಟುಗಳ ತಲೆ ಇನ್ನೂ ಹೊಳೆಯುತ್ತಿರುತ್ತವೆ. ಹಳೆಯ ಕಾರು ಕೊಂಡು ಬಹುಕಾಲ ಇಟ್ಟುಕೊಳ್ಳುವವರಿಗೆ ಇದರ ಬೆಲೆ ವಿನಿಮಯ ದರದ ಲಾಭಕ್ಕಿಂತ ದೊಡ್ಡದು ಎಂದು ನನ್ನ ನಂಬಿಕೆ.

ಯಾವ ಕಾರನ್ನು ಬೇಕಾದರೂ ತರಬಹುದೇ?

ಇಲ್ಲ. ಕಾರನ್ನು ಮೆಚ್ಚುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ತಯಾರಾಗಿ 15 ವರ್ಷ ತುಂಬಿರದ ಕಾರಾದರೆ ಅದು ಅಮೆರಿಕದ ಮಾರುಕಟ್ಟೆಗೆಂದೇ ತಯಾರಾಗಿರಬೇಕು ಮತ್ತು ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾ ಪ್ರಕಟಿಸುವ ಆಮದು ಅರ್ಹತೆಯ ಪಟ್ಟಿಯಲ್ಲಿ ಅದರ ಕಂಪನಿ, ಮಾದರಿ, ವರ್ಷ "ತರಬಹುದು" ಎಂದು ನಮೂದಾಗಿರಬೇಕು. ಪಟ್ಟಿಯಲ್ಲಿ ಷರತ್ತುಗಳೂ ಇರುತ್ತವೆ: ಇಂಥ ತಿಂಗಳ ನಂತರ ತಯಾರಾದದ್ದಕ್ಕೆ ಇಂಥ ಬದಲಾವಣೆ ಬೇಕು, ಇಂಥ ಮಾದರಿಯ ತೆರೆಯುವ ಛಾವಣಿಯ ರೂಪ ಮಾತ್ರ ಬಾರದು, ಹೀಗೆ. ಅಡಿಟಿಪ್ಪಣಿಯನ್ನೂ ಬಿಡದೆ ಓದಿ.

ಕೆನಡಾ ಮತ್ತು ಅಮೆರಿಕದ ಸುರಕ್ಷತಾ ನಿಯಮಗಳು ಬಹುಮಟ್ಟಿಗೆ ಒಂದೇ, ಪೂರ್ತಿ ಒಂದೇ ಅಲ್ಲ. ಕಳ್ಳನಿಗೆ ಎಂಜಿನ್ ಚಾಲೂ ಮಾಡಲು ಬಿಡದ ಇಮ್ಮೊಬಿಲೈಸರ್ ಕೆನಡಾದಲ್ಲಿ 2007ರ ಸೆಪ್ಟೆಂಬರ್ 1ರಿಂದ ತಯಾರಾದ ಕಾರುಗಳಿಗೆ ಕಡ್ಡಾಯ. ಅಮೆರಿಕದಲ್ಲಿ ಕಡ್ಡಾಯವಿಲ್ಲ. ಡಾಲರ್ ಸಮವಾದ ತಿಂಗಳಲ್ಲೇ ಈ ನಿಯಮ ಜಾರಿಗೆ ಬಂದದ್ದರಿಂದ, ಅಲ್ಲಿ ಹೊಸ ಕಾರು ಕಾದಿರಿಸಿದ್ದ ಅನೇಕರಿಗೆ ದೊಡ್ಡ ತಲೆನೋವಾಯಿತು.

ಬಾಗಿಲಿನ ಚೀಟಿ ನೋಡಿ ಎನ್ನುತ್ತಾರಲ್ಲ, ಯಾವ ಚೀಟಿ?

ಚಾಲಕನ ಬಾಗಿಲು ತೆರೆದರೆ ಬಾಗಿಲಿನ ಅಂಚಿನಲ್ಲೋ ಅದು ಬಡಿಯುವ ಕಂಬದ ಮೇಲೋ ಅಂಗೈ ಅಗಲದ ಒಂದು ಚೀಟಿ ಅಂಟಿರುತ್ತದೆ. ತಯಾರಾದ ತಿಂಗಳು ಮತ್ತು ವರ್ಷ, ಭಾರದ ಮಿತಿ, ಆ ಕಾರಿನ ಗುರುತಾದ 17 ಅಕ್ಷರ ಮತ್ತು ಅಂಕಿಗಳ ವಿನ್ ಸಂಖ್ಯೆ, ಜೊತೆಗೆ "ತಯಾರಾದ ದಿನ ಜಾರಿಯಲ್ಲಿದ್ದ ಅಮೆರಿಕದ ಎಲ್ಲ ಸುರಕ್ಷತಾ ಮಾನದಂಡಗಳಿಗೆ ಈ ವಾಹನ ಬದ್ಧವಾಗಿದೆ" ಎಂಬ ಅರ್ಥದ ಒಂದು ವಾಕ್ಯ ಅದರಲ್ಲಿರುತ್ತದೆ. ಕಾರು ಅಮೆರಿಕದ ಮಾರುಕಟ್ಟೆಗೆ ತಯಾರಾದದ್ದು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.

ನಾನು ಬಿಟ್ಟು ಬಂದ ಮೂರನೆಯ ಕಾರಿನ ವಿಷಯ ಇದೇ. ಬೂದು ಬಣ್ಣ, ಒಳಗೆ ಹೊಸ ಮನೆಯಂತೆ ಚೊಕ್ಕಟ, ಬೆಲೆಯೂ ಹಿಡಿಸಿತ್ತು. ಸಂಜೆ ಬೆಳಕು ಮಂದವಾಗಿದ್ದರಿಂದ ಮೊಬೈಲಿನ ದೀಪ ಹಚ್ಚಿ ಬಾಗಿಲಿನ ಅಂಚು ನೋಡಿದೆ. ಚೀಟಿ ಇರಬೇಕಾದಲ್ಲಿ ನುಣ್ಣನೆಯ ಬಣ್ಣ. ಹಿಂಜಿನ ಬೋಲ್ಟಿನ ತಲೆಯ ಮೇಲೆ ಪಾನಾ ಹಾಕಿ ತಿರುಗಿಸಿದ ಗೀರು. ಮಾರುವವನು "ತೊಳೆಯುವಾಗ ಬಿದ್ದಿರಬೇಕು" ಎಂದ. ತೊಳೆದರೆ ಬೀಳುವ ಚೀಟಿಯಲ್ಲ ಅದು. ಆ ಬಾಗಿಲು ಬೇರೆ ಕಾರಿನದು, ಅಂದರೆ ಎಡಬದಿಗೆ ಎಂದೋ ಬಲವಾದ ಪೆಟ್ಟು ಬಿದ್ದಿದೆ. ಗಡಿಯಲ್ಲೂ ತೊಂದರೆ, ಕಾರಿನಲ್ಲೂ ತೊಂದರೆ. ಎರಡನ್ನೂ ಹೇಳಿದ್ದು ಒಂದು ಖಾಲಿ ಜಾಗ. ಪರೀಕ್ಷೆಯನ್ನು ಅಲ್ಲಿಂದಲೇ ಶುರುಮಾಡಿ, ಎಂಜಿನ್ ಆಮೇಲೆ ನೋಡಿದರಾಯಿತು.

ರಿಕಾಲ್ ಪತ್ರ ಏಕೆ ಬೇಕು?

ಕಂಪನಿ ದೋಷ ಸರಿಪಡಿಸಲು ವಾಪಸು ಕರೆದ ಕಾರನ್ನು, ಆ ಕೆಲಸ ಮುಗಿಯದೆ ಕೆನಡಾ ಒಳಗೆ ಬಿಟ್ಟುಕೊಳ್ಳುವುದಿಲ್ಲ. "ಈ ವಿನ್ ಸಂಖ್ಯೆಯ ಮೇಲೆ ಬಾಕಿ ರಿಕಾಲ್ ಇಲ್ಲ" ಎಂದು ಕಂಪನಿಯ ಕಡೆಯಿಂದ ಇತ್ತೀಚಿನ ದಿನಾಂಕದ ದಾಖಲೆ ಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಜಾಲತಾಣದಲ್ಲಿ ವಿನ್ ಹಾಕಿದರೆ ಬಾಕಿ ಇದೆಯೇ ಎಂದು ಬಿಟ್ಟಿಯಾಗಿ ತಿಳಿಯುತ್ತದೆ. ಮೊದಲ ಪರಿಶೀಲನೆಗೆ ಅದು ಸಾಕು.

ಟಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳ ರಿಕಾಲ್ ನಡೆದಾಗ ಕೋಟಿಗಟ್ಟಲೆ ಕಾರುಗಳು ಸಾಲಿನಲ್ಲಿ ನಿಂತವು, ಬದಲಿ ಭಾಗ ಸಿಗಲು ತಿಂಗಳುಗಳೇ ಬೇಕಾದವು. ಅಂಥ ಕಾರು ಕೊಂಡರೆ ನಿಮ್ಮ ತಪ್ಪಿಲ್ಲದೆ ಅದು ಗಡಿಯಾಚೆ ನಿಂತಿರುತ್ತದೆ. ರಿಕಾಲ್ ಕೆಲಸಕ್ಕೆ ಕಂಪನಿ ದುಡ್ಡು ಕೇಳುವುದಿಲ್ಲ. ಆದ್ದರಿಂದ ಕಾರು ಇನ್ನೂ ಮಾರುವವನ ಕೈಯಲ್ಲಿರುವಾಗಲೇ ಮಾಡಿಸಿಕೊಡಲು ಹೇಳಿ. ಮುಂಗಡ ಕೊಟ್ಟ ಮೇಲೆ ಹೇಳಿದರೆ ಅವನಿಗೆ ಅವಸರವಿರುವುದಿಲ್ಲ.

ಸುಂಕ, ತೆರಿಗೆ ಏನೇನು?

ಉತ್ತರ ಅಮೆರಿಕದಲ್ಲಿ ತಯಾರಾಗದ ಕಾರಿಗೆ ಶೇ. 6.1 ಸುಂಕ. ಹವಾನಿಯಂತ್ರಣವಿದ್ದರೆ ಅದಕ್ಕೆಂದೇ 100 ಡಾಲರ್ ಅಬಕಾರಿ ತೆರಿಗೆ. ಪೆಟ್ರೋಲ್ ಹೆಚ್ಚು ಕುಡಿಯುವ ಕಾರಿಗೆ, ಅಂದರೆ 100 ಕಿಲೋಮೀಟರಿಗೆ 13 ಲೀಟರ್ ಅಥವಾ ಅದಕ್ಕೂ ಹೆಚ್ಚು ಬೇಡುವುದಕ್ಕೆ, ಮಟ್ಟಕ್ಕೆ ತಕ್ಕಂತೆ 1,000ದಿಂದ 4,000 ಡಾಲರ್‌ವರೆಗೆ ಹಸಿರು ತೆರಿಗೆ. ಇವೆಲ್ಲ ಸೇರಿದ ಮೊತ್ತದ ಮೇಲೆ ಶೇ. 5 ಜಿಎಸ್‌ಟಿ. ಇಷ್ಟೂ ಗಡಿಯಲ್ಲೇ ಕಟ್ಟುವುದು. ಪ್ರಾಂತ್ಯದ ತೆರಿಗೆ ನೋಂದಣಿಯ ಹೊತ್ತಿಗೆ ಬರುತ್ತದೆ: ಒಂಟಾರಿಯೊದಲ್ಲಿ ಶೇ. 8, ಕ್ವಿಬೆಕ್‌ನಲ್ಲಿ ಶೇ. 9.975, ಆಲ್ಬರ್ಟಾದಲ್ಲಿ ಇಲ್ಲವೇ ಇಲ್ಲ. 1,00,000 ಡಾಲರ್ ಮೀರಿದ ಹೊಸ ಕಾರಿಗೆ 2022ರ ಸೆಪ್ಟೆಂಬರ್‌ನಿಂದ ಐಷಾರಾಮಿ ತೆರಿಗೆಯೂ ಇದೆ. ಆ ಬೆಲೆಯ ಕಾರು ಕೊಳ್ಳುವವರು ಈ ಪುಟ ಓದುತ್ತಿರಲಾರರು ಎಂದು ಮುಂದೆ ಹೋಗುತ್ತೇನೆ.

ಕಾರು ಎಲ್ಲಿ ತಯಾರಾಯಿತು ಎಂದು ವಿನ್ ಸಂಖ್ಯೆಯ ಮೊದಲ ಅಕ್ಷರವೇ ಹೇಳುತ್ತದೆ. 1, 4, 5 ಅಮೆರಿಕ. 2 ಕೆನಡಾ. 3 ಮೆಕ್ಸಿಕೊ. ಜೆ ಜಪಾನ್, ಕೆ ಕೊರಿಯಾ, ಡಬ್ಲ್ಯು ಜರ್ಮನಿ. ಜಪಾನಿ ಹೆಸರಿನ ಎಷ್ಟೋ ಕಾರುಗಳು ಅಮೆರಿಕದ ಕಾರ್ಖಾನೆಯಿಂದಲೇ ಬಂದಿರುತ್ತವೆ. ಆದ್ದರಿಂದ ಹೆಸರು ನೋಡಿ ಸುಂಕ ಊಹಿಸಬೇಡಿ.

2025ರ ಹೆಚ್ಚುವರಿ ಸುಂಕ ನನಗೂ ತಗಲುತ್ತದೆಯೇ?

ಹಳೆಯ ಸಲಹೆಗಳೆಲ್ಲ ತಲೆಕೆಳಗಾದದ್ದು ಇಲ್ಲೇ. ಎಷ್ಟೋ ವರ್ಷ "1, 4, 5ರಿಂದ ಶುರುವಾಗುವ ವಿನ್ ಹುಡುಕಿ, ಸುಂಕ ಸೊನ್ನೆ" ಎಂದು ನಾನೇ ಹೇಳುತ್ತಿದ್ದೆ. ಅಮೆರಿಕ ಆಮದು ಕಾರುಗಳ ಮೇಲೆ ಸುಂಕ ಹೇರಿದ್ದಕ್ಕೆ ಉತ್ತರವಾಗಿ ಕೆನಡಾ 2025ರ ಏಪ್ರಿಲ್ 9ರಿಂದ ಅಮೆರಿಕದಲ್ಲಿ ತಯಾರಾದ ವಾಹನಗಳ ಮೇಲೆ ಶೇ. 25 ಹೆಚ್ಚುವರಿ ಸುಂಕ ಹಾಕಿತು. ಮೂರು ದೇಶಗಳ ವ್ಯಾಪಾರ ಒಪ್ಪಂದಕ್ಕೆ ಬದ್ಧವಾದ ಕಾರಾದರೆ ಅದರಲ್ಲಿ ಕೆನಡಾ ಮತ್ತು ಮೆಕ್ಸಿಕೊದಲ್ಲಿ ತಯಾರಾದ ಭಾಗಗಳ ಪಾಲನ್ನು ಕಳೆದು ಉಳಿದ ಮೌಲ್ಯದ ಮೇಲೆ, ಬದ್ಧವಲ್ಲದ್ದಾದರೆ ಪೂರ್ತಿ ಮೌಲ್ಯದ ಮೇಲೆ. ಹಿಂದೆ ಅದೃಷ್ಟದ ಅಂಕಿಯಾಗಿದ್ದ 1 ಹೀಗೆ ಎಲ್ಲಕ್ಕಿಂತ ದುಬಾರಿ ಅಂಕಿಯಾಯಿತು, ಶೇ. 6.1 ಕಟ್ಟುವ ಜಪಾನಿನ ಕಾರು ಅದರ ಮುಂದೆ ಅಗ್ಗವಾಯಿತು.

ವ್ಯಾಪಾರ ಮಾತುಕತೆಯ ಬಿಸಿಯಲ್ಲಿ ಹುಟ್ಟಿದ ಸುಂಕ ಮಾತುಕತೆಯೊಂದಿಗೇ ಬದಲಾಗಬಹುದು. ಕಾರಿನ ವಿನ್, ಮಾದರಿ, ವರ್ಷ ಬರೆದು ನಿಮ್ಮ ಕಾರಿಗೆ ಇಂದು ಎಷ್ಟು ಬೀಳುತ್ತದೆ ಎಂದು ಕೆನಡಾ ಗಡಿ ಸೇವಾ ಸಂಸ್ಥೆಯನ್ನು ಕೇಳಿ, ಉತ್ತರ ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ.

ಒಂದು ಲೆಕ್ಕ ಮಾಡಿ ತೋರಿಸುತ್ತೀರಾ?

ಉದಾಹರಣೆಗೆ ಮಾತ್ರ ಕೆಲವು ಅಂಕಿ ಇಟ್ಟುಕೊಳ್ಳೋಣ. ಕಾರು 20,000 ಅಮೆರಿಕನ್ ಡಾಲರ್, ವಿನಿಮಯ ದರ 1.40, ಊರು ಒಂಟಾರಿಯೊ. ಅಂದರೆ 28,000 ಕೆನಡಾ ಡಾಲರ್.

ಜಪಾನಿನಲ್ಲಿ ತಯಾರಾದದ್ದು ಎಂದುಕೊಳ್ಳಿ. ಸುಂಕ 1,708, ಹವಾನಿಯಂತ್ರಣಕ್ಕೆ 100, ಎರಡೂ ಸೇರಿ 29,808. ಅದರ ಮೇಲೆ ಜಿಎಸ್‌ಟಿ ಸುಮಾರು 1,490, ಪ್ರಾಂತ್ಯದ ಪಾಲು ಸುಮಾರು 2,385. ಒಟ್ಟು 33,683. ಇಲ್ಲಿ ಅದೇ ಕಾರು 33,000ಕ್ಕೆ ಸಿಗುತ್ತಿದ್ದರೆ ಶೇ. 13 ತೆರಿಗೆ ಸೇರಿ 37,290. ಅಂತರ 3,600ರ ಆಸುಪಾಸು.

ಈ 3,600ರಿಂದ ಕಳೆಯುತ್ತಾ ಬನ್ನಿ: ಕಸ್ಟಮ್ಸ್ ದಾಖಲೆ ಮಾಡಿಕೊಡುವ ದಲ್ಲಾಳಿಯ ಶುಲ್ಕ, ಆಮದು ನೋಂದಣಿ ಶುಲ್ಕ, ತಾತ್ಕಾಲಿಕ ಪರವಾನಗಿ, ಪೆಟ್ರೋಲ್, ಒಂದು ರಾತ್ರಿಯ ಹೋಟೆಲ್, ಪ್ರಾಂತ್ಯದ ಸುರಕ್ಷತಾ ಪ್ರಮಾಣಪತ್ರ, ಬದಲಾವಣೆ ಬೇಕಿದ್ದರೆ ಅದರ ಕೂಲಿ, ಬ್ಯಾಂಕು ವಿನಿಮಯದಲ್ಲಿ ಹಿಡಿದುಕೊಳ್ಳುವ ಅಂಶ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಪತ್ರಿಕೆಯಲ್ಲಿ ಕಾಣುವ ದರವನ್ನು ಬ್ಯಾಂಕು ನಿಮಗೆ ಕೊಡುವುದಿಲ್ಲ, ಶೇ. 2ರಷ್ಟು ವ್ಯತ್ಯಾಸವಾದರೂ 28,000ಕ್ಕೆ 560 ಡಾಲರ್ ಹೋಯಿತು.

ಅದೇ ಕಾರು ಅಮೆರಿಕದಲ್ಲಿ ತಯಾರಾಗಿದ್ದು ಪೂರ್ತಿ ಶೇ. 25 ಬಿದ್ದರೆ? ಹೆಚ್ಚುವರಿ ಸುಂಕವೇ 7,000. ಎಲ್ಲ ಸೇರಿ 39,663. ಇಲ್ಲೇ ಕೊಂಡದ್ದಕ್ಕಿಂತ 2,373 ಹೆಚ್ಚು, ಹೋಟೆಲ್ ಖರ್ಚು ಸೇರಿಸುವ ಮೊದಲೇ.

ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆಸಬಹುದೇ?

ಬೇಡ. ಮಾರುವವನು ಒಪ್ಪಿದರೂ ಬೇಡ. ಅಧಿಕಾರಿಗಳ ಬಳಿ ಹಳೆಯ ಕಾರುಗಳ ದರಪಟ್ಟಿ ಇರುತ್ತದೆ, ಬ್ಯಾಂಕ್ ದಾಖಲೆ ಕೇಳುವ ಹಕ್ಕೂ ಇದೆ. ಸುಳ್ಳು ಹೇಳಿದ್ದು ಗೊತ್ತಾದರೆ ಕಾರನ್ನೇ ಜಪ್ತಿ ಮಾಡಬಹುದು. ವಲಸೆಯ ಅರ್ಜಿ ಇನ್ನೂ ನಡೆಯುತ್ತಿರುವವರು ಗಡಿ ಅಧಿಕಾರಿಯ ಕಡತದಲ್ಲಿ ಸುಳ್ಳುಗಾರ ಎಂದು ದಾಖಲಾಗುವುದು ಎಂಥ ಅನಾಹುತವೆಂದು ಬಿಡಿಸಿ ಹೇಳಬೇಕಿಲ್ಲ.

72 ಗಂಟೆಯ ನಿಯಮ ಎಂದರೇನು?

ಕೆನಡಾ ಒಳಗೆ ಬಿಡುವುದು ಒಂದು, ಅಮೆರಿಕ ಹೊರಗೆ ಬಿಡುವುದು ಇನ್ನೊಂದು. ಹಲವರಿಗೆ ಎರಡನೆಯದು ಇದೆಯೆಂದೇ ಗೊತ್ತಿರುವುದಿಲ್ಲ. ಹಳೆಯ ಕಾರು ಅಮೆರಿಕ ಬಿಡುವ ಕನಿಷ್ಠ 72 ಗಂಟೆ ಮೊದಲು ಅದರ ಟೈಟಲ್ ಪತ್ರ (ಕಾರಿನ ಒಡೆತನದ ದಾಖಲೆ) ಮುಂತಾದ ದಾಖಲೆಗಳು, ನೀವು ದಾಟಲಿರುವ ಅದೇ ಗಡಿಯ ಅಮೆರಿಕನ್ ಕಸ್ಟಮ್ಸ್ ರಫ್ತು ಕಚೇರಿಗೆ ತಲುಪಬೇಕು. 2014ರಿಂದ ಇದರ ಜೊತೆಗೆ ಗಣಕದಲ್ಲಿ ರಫ್ತು ಮಾಹಿತಿ ಸಲ್ಲಿಸಿ ಐಟಿಎನ್ ಎಂಬ ಸಂಖ್ಯೆ ಪಡೆಯಬೇಕು. ಇದನ್ನು ದಲ್ಲಾಳಿಯಿಂದ ಮಾಡಿಸುವುದೇ ಲೇಸು. ದಾಟುವ ದಿನ ಕಾರು ಮತ್ತು ಮೂಲ ಟೈಟಲ್ ಎರಡನ್ನೂ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು.

ಸೇತುವೆ ದಿನದ 24 ಗಂಟೆಯೂ ತೆರೆದಿರುತ್ತದೆ, ರಫ್ತು ಕಚೇರಿ ಹಾಗಿರುವುದಿಲ್ಲ. ನನ್ನ ಮೊದಲ ಕಾರಿನ ಸಲ ಶುಕ್ರವಾರ ಸಂಜೆ ಆರು ಗಂಟೆಗೆ ಹೋಗಿ ನಿಂತೆ. ಕಿಟಕಿಗೆ ಪರದೆ ಎಳೆದಿತ್ತು, ಕೆಳಗೆ ಸಮಯ ಬರೆದ ಹಾಳೆ: ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಮುದ್ರೆಯಿಲ್ಲದೆ ದಾಟಿದರೆ ದಂಡ. ಕಾರನ್ನು ಪರಿಚಯದವರ ಮನೆಯ ಮುಂದೆ ನಿಲ್ಲಿಸಿ, ಬಸ್ಸಿನಲ್ಲಿ ಮನೆಗೆ ಬಂದು, ಸೋಮವಾರ ರಜೆ ಹಾಕಿ ಮತ್ತೆ ಹೋದೆ. ಫೋನು ಮಾಡಿ ಸಮಯ ಕೇಳಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ಟೈಟಲ್ ಪತ್ರದಲ್ಲಿ ಏನು ನೋಡಬೇಕು?

ಮಾರುವವನ ಹೆಸರು ಅವನ ಗುರುತಿನ ಚೀಟಿಗೆ ಹೊಂದಬೇಕು. ಸಾಲ ಕೊಟ್ಟವರ ಹೆಸರು ಮುದ್ರಿತವಾಗಿದ್ದರೆ ಸಾಲ ತೀರಿದ ಪತ್ರ ಬೇಕು. ಒಹಾಯೊ, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಮಾರುವವನ ಸಹಿ ನೋಟರಿಯ ಎದುರಿಗೇ ಆಗಬೇಕು, ಅಡುಗೆಮನೆಯ ಮೇಜಿನ ಮೇಲೆ ಹಾಕಿದ ಸಹಿಗೆ ಬೆಲೆಯಿಲ್ಲ. ದುಡ್ಡು ಮತ್ತು ಟೈಟಲ್ ಒಂದೇ ಹೊತ್ತಿಗೆ ಕೈ ಬದಲಾಗಲಿ, ಸಾಧ್ಯವಾದರೆ ಅವನ ಬ್ಯಾಂಕಿನ ಶಾಖೆಯಲ್ಲೇ.

ಟೈಟಲ್ ಮೇಲೆ ಬಿದ್ದ ಮುದ್ರೆಯನ್ನೂ ಓದಿ. ಬಿಡಿಭಾಗಕ್ಕೆ ಮಾತ್ರ, ದುರಸ್ತಿಗೆ ಅನರ್ಹ ಎಂಬ ಅರ್ಥದ ಮುದ್ರೆಯಿದ್ದರೆ ಅದನ್ನು ಓಡಿಸಲೆಂದು ಕೆನಡಾಕ್ಕೆ ತರಲಾಗದು. ಅಪಘಾತದಲ್ಲಿ ವಿಮೆಯವರು ಕೈಬಿಟ್ಟ ಕಾರಿಗೆ ಬೇರೆಯೇ ದಾರಿಯಿದೆ, ಮೊದಲ ಸಲ ತರುವವರು ಆ ದಾರಿ ಹಿಡಿಯದಿರುವುದು ಒಳ್ಳೆಯದು.

ನೆರೆಯಲ್ಲಿ ಮುಳುಗಿದ ಕಾರು ಎಂದು ಹೇಗೆ ತಿಳಿಯುವುದು?

2005ರ ಕತ್ರಿನಾ, 2017ರ ಹಾರ್ವಿ ಚಂಡಮಾರುತಗಳ ನಂತರ ಮುಳುಗಿದ ಕಾರುಗಳು ದೂರದ ರಾಜ್ಯಗಳಲ್ಲಿ ಹೊಸ ಟೈಟಲ್ ಪಡೆದು ಮಾರಾಟಕ್ಕೆ ಬಂದವು. ಒಂದು ರಾಜ್ಯದ ಮುದ್ರೆ ಇನ್ನೊಂದು ರಾಜ್ಯದ ಪತ್ರದಲ್ಲಿ ಮಾಯವಾಗಿರಬಹುದು. ವಿನ್ ಇತಿಹಾಸದ ವರದಿ ತರಿಸಿ, ಆದರೆ ಅದೊಂದನ್ನೇ ನಂಬಬೇಡಿ. ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಹೊರಗಿನ ಭಾಗ ತೊಳೆದಿರುತ್ತಾರೆ, ಸುರುಳಿಯ ಒಳಗಿನ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಳಿ, ಸೀಟಿನ ಕೆಳಗಿನ ಹಳಿಗಳ ಬೋಲ್ಟು, ದೀಪಗಳ ಒಳಗಿನ ಮಂಜು, ಇವನ್ನೂ ನೋಡಿ. ಗಾಜುಗಳನ್ನು ಏರಿಸಿ ಐದು ನಿಮಿಷ ಒಳಗೆ ಕೂತುಕೊಳ್ಳಿ. ಮುಗ್ಗಲು ವಾಸನೆಯಾಗಲಿ ಅದನ್ನು ಮುಚ್ಚಲು ಹೊಡೆದ ವಿಪರೀತ ಸುಗಂಧವಾಗಲಿ ಎರಡೂ ಒಂದೇ ಸುದ್ದಿ ಹೇಳುತ್ತವೆ.

ಕೆನಡಾ ಗಡಿಯಲ್ಲಿ ಏನಾಗುತ್ತದೆ, ಆಮೇಲೆ ಏನು?

ನಾನು ದಾಟಿದ ಎರಡೂ ಸಲ ಅಂಜಿದಷ್ಟು ಕಷ್ಟವಾಗಲಿಲ್ಲ. ಒಳಗೆ ಹೋಗಿ ಟೈಟಲ್, ಬಿಲ್ಲು, ರಿಕಾಲ್ ದಾಖಲೆ ಕೊಟ್ಟರೆ ವಾಹನ ಆಮದಿನ ಮೊದಲ ನಮೂನೆ ತುಂಬಿಸಿ, ತೆರಿಗೆ ಕಟ್ಟಿಸಿಕೊಂಡು, ಮುದ್ರೆ ಹಾಕಿಕೊಡುತ್ತಾರೆ. ಆ ಹಾಳೆಯನ್ನು ಜೋಪಾನ ಮಾಡಿ, ನೋಂದಣಿ ಕಚೇರಿಯಲ್ಲಿ ಅದನ್ನು ಕೇಳಿಯೇ ಕೇಳುತ್ತಾರೆ.

ಆಮೇಲಿನ ಕೆಲಸ ಆರ್‌ಐವಿ ಎಂದು ಕರೆಯುವ ಆಮದು ವಾಹನಗಳ ನೋಂದಣಿ ವ್ಯವಸ್ಥೆಯದು. ಶುಲ್ಕ ಕಟ್ಟಿ, ರಿಕಾಲ್ ದಾಖಲೆ ಒಪ್ಪಿಗೆಯಾದ ಮೇಲೆ ಅವರು ತಪಾಸಣೆಯ ಎರಡನೆಯ ನಮೂನೆ ಕಳಿಸುತ್ತಾರೆ. ಅದನ್ನು ಹಿಡಿದು ಅವರು ಗೊತ್ತುಮಾಡಿದ ಕೇಂದ್ರಕ್ಕೆ ಕಾರು ಒಯ್ಯಬೇಕು, ಬಹುತೇಕ ಊರುಗಳಲ್ಲಿ ಅದು ಕೆನೆಡಿಯನ್ ಟೈರ್ ಮಳಿಗೆ. ಗಡಿ ದಾಟಿದ ದಿನದಿಂದ 45 ದಿನಗಳೊಳಗೆ ತೇರ್ಗಡೆಯಾಗಬೇಕು. ಪ್ರಾಂತ್ಯದ ಸುರಕ್ಷತಾ ತಪಾಸಣೆ ಬೇರೆ, ಇದು ಬೇರೆ. ಒಂದು ಮಾಡಿಸಿದರೆ ಇನ್ನೊಂದು ಮುಗಿದಂತಲ್ಲ.

ಏನೇನು ಬದಲಾವಣೆ ಮಾಡಿಸಬೇಕಾಗುತ್ತದೆ?

ಹೆಚ್ಚಾಗಿ ಸಣ್ಣವು. ಎಂಜಿನ್ ಚಾಲೂ ಆದೊಡನೆ ತಾನೇ ಉರಿಯುವ ಹಗಲಿನ ದೀಪ ಕೆನಡಾದಲ್ಲಿ 1989ರ ಡಿಸೆಂಬರ್‌ನಿಂದ ಕಡ್ಡಾಯ. ಅಮೆರಿಕದ ಎಷ್ಟೋ ಕಾರುಗಳಲ್ಲಿ ಆ ಸೌಲಭ್ಯ ಒಳಗೇ ಇದ್ದು ಮುಚ್ಚಿರುತ್ತದೆ, ಮೆಕ್ಯಾನಿಕ್ ಗಣಕ ಜೋಡಿಸಿ ತೆರೆದುಕೊಡುತ್ತಾನೆ. ಏರ್‌ಬ್ಯಾಗ್ ಎಚ್ಚರಿಕೆಯ ಫ್ರೆಂಚ್ ಚೀಟಿ ಅಂಟಿಸಬೇಕು. ವೇಗಮಾಪಕ ಕಿಲೋಮೀಟರಿನಲ್ಲೂ ತೋರಿಸಬೇಕು. ಇಮ್ಮೊಬಿಲೈಸರ್ ಇಲ್ಲದ ಕಾರಿಗೆ ಮಾತ್ರ ಖರ್ಚು ಏರುತ್ತದೆ.

ಓಡೋಮೀಟರ್ ಮೈಲಿಯಲ್ಲಿದ್ದರೆ?

ಹಾಗೇ ಇರಲಿ. ನೋಂದಣಿಯಲ್ಲಿ ಮೈಲಿ ಎಂದು ಬರೆಸಿ. 60,000 ಮೈಲಿ ಎಂದರೆ ಸುಮಾರು 96,500 ಕಿಲೋಮೀಟರ್. ಕೊಳ್ಳುವಾಗಲೂ ಈ ಗುಣಾಕಾರ ಮಾಡಿಯೇ ಇಲ್ಲಿನ ಕಾರಿನೊಂದಿಗೆ ಹೋಲಿಸಿ.

ವಾರಂಟಿ ನಡೆಯುತ್ತದೆಯೇ?

ಕಂಪನಿಗೊಂದು ನೀತಿ. ಕೆಲವರು ಗಡಿಯ ಎರಡೂ ಕಡೆ ಒಪ್ಪುತ್ತಾರೆ, ಕೆಲವರು ಖಾಸಗಿಯಾಗಿ ತಂದ ಕಾರಿಗೆ ಕೆನಡಾದಲ್ಲಿ ಒಪ್ಪುವುದಿಲ್ಲ. ಕಂಪನಿಯ ಕೆನಡಾ ಕಚೇರಿಗೆ ವಿನ್ ಸಮೇತ ಬರೆದು ಉತ್ತರವನ್ನು ಬರಹದಲ್ಲಿ ಪಡೆಯಿರಿ, ಮಾರುವವನ ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ವಿದ್ಯುತ್ ಕಾರಿನ ಬ್ಯಾಟರಿಯ ವಾರಂಟಿ ಕಳೆದುಕೊಂಡರೆ ನೀವು ಉಳಿಸಿದ್ದೆಲ್ಲ ಒಂದೇ ರಿಪೇರಿಯಲ್ಲಿ ಹೋಗುತ್ತದೆ. ಆದ್ದರಿಂದ ವಿದ್ಯುತ್ ಕಾರಿನ ವಿಷಯದಲ್ಲಿ ನನ್ನ ಮಾತು ಗಟ್ಟಿ: ಲಿಖಿತ ಉತ್ತರವಿಲ್ಲದೆ ತರಬೇಡಿ.

ಗಡಿಯಿಂದ ಮನೆವರೆಗೆ ಓಡಿಸುವುದು ಹೇಗೆ?

ವಿಮೆ ಮೊದಲು. ಹೊರಡುವ ಮುನ್ನವೇ ನಿಮ್ಮ ವಿಮಾ ಏಜೆಂಟರಿಗೆ ವಿನ್ ಕೊಟ್ಟು, ಅಮೆರಿಕದ ನೆಲದ ಮೇಲೂ ರಕ್ಷಣೆ ಇರುವಂತೆ ಪತ್ರ ಪಡೆಯಿರಿ. ಕೊಂಡ ರಾಜ್ಯದ ತಾತ್ಕಾಲಿಕ ಪ್ಲೇಟ್ ಅಥವಾ ನಿಮ್ಮ ಪ್ರಾಂತ್ಯದ ತಾತ್ಕಾಲಿಕ ಪರವಾನಗಿ ಬೇಕು. ನಿಮ್ಮ ಹಳೆಯ ಕಾರಿನ ಪ್ಲೇಟ್ ಬಿಚ್ಚಿ ಇದಕ್ಕೆ ಸಿಕ್ಕಿಸಿಕೊಂಡು ಬರುವ ಯೋಚನೆ ಮಾಡಬೇಡಿ, ಅಪಘಾತವಾದರೆ ನಿಮ್ಮ ಬೆನ್ನಿಗೆ ಯಾರೂ ಇರುವುದಿಲ್ಲ.

15 ವರ್ಷ ದಾಟಿದ ಕಾರಿಗೆ ನಿಯಮ ಸಡಿಲವೇ?

ಹೌದು. ತಯಾರಾದ ತಿಂಗಳಿನಿಂದ 15 ವರ್ಷ ತುಂಬಿದ್ದರೆ ಆರ್‌ಐವಿ ನೋಂದಣಿ, ಅರ್ಹತಾ ಪಟ್ಟಿ ಎರಡೂ ಅನ್ವಯಿಸುವುದಿಲ್ಲ. ಜಪಾನಿನಿಂದ ಬಲಗಡೆ ಸ್ಟಿಯರಿಂಗ್ ಇರುವ ಕಾರುಗಳು ಇಲ್ಲಿ ಕಾಣುವುದು ಇದರಿಂದಲೇ. ಅಮೆರಿಕದಲ್ಲಿ ಇದೇ ವಿನಾಯಿತಿಗೆ 25 ವರ್ಷ ಕಾಯಬೇಕು. ತೆರಿಗೆ, ಪ್ರಾಂತ್ಯದ ತಪಾಸಣೆ, ವಿಮೆಗೆ ವಿನಾಯಿತಿ ಇಲ್ಲ.

ಅಮೆರಿಕದಿಂದ ಕೆನಡಾಕ್ಕೆ ವಾಸ ಬದಲಿಸುತ್ತಿದ್ದೇನೆ. ನನ್ನ ಕಾರಿಗೂ ಇಷ್ಟೆಲ್ಲ ಕಟ್ಟಬೇಕೇ?

ಎಚ್-1ಬಿ ವೀಸಾದಿಂದ ಬೇಸತ್ತು ಕೆನಡಾದ ಕಾಯಂ ನಿವಾಸ ಪಡೆದು ಬರುವ ನಮ್ಮವರು ತುಂಬ ಮಂದಿ, ಅವರಿಗೆ ಇದು ನೇರವಾಗಿ ಸೇರಿದ್ದು. ನೆಲೆಸಲು ಮೊದಲ ಬಾರಿಗೆ ಬರುವವರು, ಬರುವ ಮೊದಲೇ ತಮ್ಮದಾಗಿದ್ದು ತಾವೇ ಬಳಸಿದ ಕಾರನ್ನು ಮನೆ ಸಾಮಾನಿನ ಭಾಗವಾಗಿ ಸುಂಕ ತೆರಿಗೆಯಿಲ್ಲದೆ ತರಬಹುದು. ಮೂರು ಮಾತು ನೆನಪಿರಲಿ. ಬರುವ ದಿನ ಕಾರು ಜೊತೆಗಿಲ್ಲದಿದ್ದರೂ "ಆಮೇಲೆ ಬರುವ ಸಾಮಾನು" ಪಟ್ಟಿಯಲ್ಲಿ ವಿನ್ ಸಮೇತ ಬರೆಸಬೇಕು. ಬರೆಸದಿದ್ದರೆ ಮುಂದೆ ಪೂರ್ತಿ ಕಟ್ಟಬೇಕಾಗಬಹುದು. ತಂದ ಮೇಲೆ 12 ತಿಂಗಳೊಳಗೆ ಮಾರಿದರೆ ವಿನಾಯಿತಿ ಹೋಗಿ ಸುಂಕ ಬೀಳುತ್ತದೆ. ಮತ್ತು ವಿನಾಯಿತಿ ತೆರಿಗೆಗೆ ಮಾತ್ರ: ಅರ್ಹತಾ ಪಟ್ಟಿ, ರಿಕಾಲ್ ಪತ್ರ, 72 ಗಂಟೆ, ಆರ್‌ಐವಿ ಎಲ್ಲವೂ ನಿಮಗೂ ಅನ್ವಯ. ಕಾರಿನ ಮೇಲೆ ಅಮೆರಿಕದ ಬ್ಯಾಂಕಿನ ಸಾಲವಿದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆ ಪಡೆಯಲು ವಾರಗಳೇ ಬೇಕಾಗುತ್ತವೆ, ಸಾಮಾನು ಕಟ್ಟುವ ಮೊದಲೇ ಶುರುಮಾಡಿ. ಲೀಸ್ ಮೇಲಿನ ಕಾರು ನಿಮ್ಮದಲ್ಲ, ಅದಕ್ಕೆ ಈ ವಿನಾಯಿತಿ ಸಲ್ಲದು.

ಎಲ್ಲವನ್ನೂ ಏಜೆಂಟರಿಗೆ ಒಪ್ಪಿಸಿದರೆ?

ರಫ್ತು ದಾಖಲೆಗೆ ದಲ್ಲಾಳಿ ಬೇಕು, ಅದಕ್ಕೆ ಕೊಡುವ ದುಡ್ಡು ಸಾರ್ಥಕ. ಕಾರು ಆರಿಸಿ, ತಂದು, ಮನೆ ಬಾಗಿಲಿಗೆ ಬಿಡುತ್ತೇವೆ ಎನ್ನುವವರೂ ಇದ್ದಾರೆ. ಕೆನಡಾದ ನಮೂನೆಯಲ್ಲಿ ಆಮದುದಾರ ಎಂದು ಯಾರ ಹೆಸರು ಬರುತ್ತದೆ ಎಂದು ಅವರನ್ನು ಮೊದಲು ಕೇಳಿ. ನಿಮ್ಮ ಹೆಸರಾದರೆ 45 ದಿನದ ಹೊಣೆಯೂ ತಪ್ಪಾದರೆ ದಂಡವೂ ನಿಮ್ಮದೇ.

ಹೋಗುವ ದಿನ ಚೀಲದಲ್ಲಿ ಏನಿರಬೇಕು?

ಟೈಟಲಿನ ಮೂಲ ಮತ್ತು ಪ್ರತಿಗಳು, ಸಹಿಯಾದ ಬಿಲ್ಲು, ಐಟಿಎನ್ ಸಂಖ್ಯೆ, ರಿಕಾಲ್ ದಾಖಲೆ, ಅರ್ಹತಾ ಪಟ್ಟಿಯ ಆ ಪುಟ, ವಿಮೆಯ ಪತ್ರ, ಪಾಸ್‌ಪೋರ್ಟ್, ತೆರಿಗೆ ಕಟ್ಟಲು ಸಾಕಷ್ಟು ಮಿತಿಯಿರುವ ಕ್ರೆಡಿಟ್ ಕಾರ್ಡ್. ಬಾಗಿಲಿನ ಚೀಟಿ ನೋಡಲು ಒಂದು ಟಾರ್ಚ್. ಮತ್ತು ರಫ್ತು ಕಚೇರಿಯ ಸಮಯ, ಅಂದು ಬೆಳಿಗ್ಗೆಯೇ ಫೋನಿನಲ್ಲಿ ಕೇಳಿ ಬರೆದುಕೊಂಡದ್ದು.